ಗೇಜ್ ಸರಿಯಾಗಿತ್ತು, ಫಿಲ್ಟರ್ ಸಡಿಲವಾಗಿತ್ತು: 1972ರ ಶೆವ್ರೊಲೆ ಪಿಕಪ್‌ನ ಒಂದು ಪ್ರಕರಣ

ಗಾಡಿ 1972ರ ಶೆವ್ರೊಲೆ ಸಿ-10 ಪಿಕಪ್. ಎಂಜಿನ್ 350 ಘನ ಇಂಚಿನ ವಿ8, ಅಂದರೆ 5.7 ಲೀಟರ್. ಆಯಿಲ್ ಫಿಲ್ಟರ್‌ನ ಅಂಚಿನಿಂದ ಆಯಿಲ್ ತೊಟ್ಟಿಕ್ಕುತ್ತದೆ, ಎಷ್ಟು ಬಿಗಿ ಮಾಡಿದರೂ ಕೆಲವು ದಿನಕ್ಕೆ ಮತ್ತೆ ಶುರುವಾಗುತ್ತದೆ ಎಂಬುದು ದೂರು. ಗಾಡಿ ಇರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಫ್ಲಿಂಟ್‌ ಕಡೆಯ ಒಂದು ಸಣ್ಣ ಊರಿನಲ್ಲಿ. ಶೆವ್ರೊಲೆಯ ಈ ವಿ8 ಕುಟುಂಬ 1955ರ ಮಾಡೆಲ್‌ಗೆಂದು ಮೊದಲು ತಯಾರಾದದ್ದೂ ಫ್ಲಿಂಟ್‌ನಲ್ಲೇ. ಹಾಗಾಗಿ ಆ ಸುತ್ತಿನಲ್ಲಿ ಈ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ಸಿಗುವುದು ಕಷ್ಟ. ಹಾಗಿದ್ದೂ ಈ ತೊಂದರೆ ಯಾರ ಕಣ್ಣಿಗೂ ಬೀಳದೆ ಸಾವಿರಾರು ಮೈಲಿ ಓಡಿತು. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಗಾಡಿಯ ಮಾಲೀಕರು ನನ್ನ ಭಾವ. ಹಾಸನದ ಕಡೆಯವರು, ಕೆಲಸದ ನಿಮಿತ್ತ ಮಿಷಿಗನ್‌ಗೆ ಹೋಗಿ ಅಲ್ಲೇ ನೆಲೆ ನಿಂತವರು. ಹಳೆ ಗಾಡಿಗಳ ಮೇಲೆ ಅವರಿಗೆ ಇರುವುದು ಪ್ರದರ್ಶನಕ್ಕೆ ನಿಲ್ಲಿಸುವ ಪ್ರೀತಿಯಲ್ಲ, ಓಡಿಸುವ ಪ್ರೀತಿ. ಪಿಕಪ್‌ ಅವರ ಕೈಗೆ ಬರುವ ಮೊದಲೇ ಹಿಂದಿನ ಮಾಲೀಕರು ಒಂದು ವರ್ಕ್‌ಶಾಪ್‌ನಲ್ಲಿ ಎಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿದ್ದರು. ಬಿಲ್ಲುಗಳು, ಕೆಲಸ ನಡೆಯುವಾಗ ತೆಗೆದ ಫೋಟೋಗಳು, ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಕೊಟ್ಟಿದ್ದರು. ಈ ಪೆಟ್ಟಿಗೆ ಮುಂದೆ ಬಹಳ ಉಪಕಾರಕ್ಕೆ ಬಂತು. ಕಟ್ಟಿದ ಮೇಲೆ ಎಂಜಿನ್ ಓಡಿದ್ದು ಸುಮಾರು 3,000 ಮೈಲಿ.

ಭಾವನಿಗೆ ಈ ಸೋರಿಕೆ ಮೊದಲು ತಲೆನೋವಾಗಿ ಕಂಡಿರಲಿಲ್ಲ. ಹಳೆ ಶೆವ್ರೊಲೆ ಅಂದಮೇಲೆ ಎಲ್ಲಾದರೂ ಒಂದು ಹನಿ ಬೀಳುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಫಿಲ್ಟರ್ ಬದಲಾಯಿಸಿದರು, ಬೇರೆ ಕಂಪನಿಯದು ಹಾಕಿ ನೋಡಿದರು, ಕೊನೆಗೆ ಫಿಲ್ಟರ್ ತಿರುಗಿಸುವ ಪಟ್ಟಿ ರೆಂಚ್ ಹಾಕಿ ಬಿಗಿದರು. ಬಿಗಿದಾಗಲೆಲ್ಲ ಸೋರಿಕೆ ಕಡಿಮೆಯಾಗುತ್ತಿತ್ತು, ಆಮೇಲೆ ಮತ್ತೆ ಹನಿ. ನಾನು ಅಲ್ಲಿಗೆ ಹೋದಾಗ ಅವರು ಮತ್ತೆ ಅದೇ ರೆಂಚ್ ಕೈಗೆತ್ತಿಕೊಂಡಿದ್ದರು.

"ಭಾವ, ಅದನ್ನ ಇನ್ನು ಬಿಗಿ ಮಾಡ್ಬೇಡಿ" ಅಂದೆ.

"ಮಾಡ್ದೇ ಇದ್ರೆ ನೆಲ ಎಲ್ಲ ಆಯಿಲ್ ಆಗುತ್ತಲ್ಲೋ?"

"ಒಂದೇ ಜಾಗದಿಂದ ಬೀಳ್ತಿದೆ ನೋಡಿ. ಫಿಲ್ಟರ್ ಬದಲಾಯಿಸಿದ್ರೂ ಜಾಗ ಬದಲಾಗಿಲ್ಲ."

ಈ ಪ್ರಕರಣದಲ್ಲಿ ಸಿಕ್ಕ ಮೊದಲ ನಿಜವಾದ ಸುಳಿವು ಅದು. ಫಿಲ್ಟರ್‌ನ ರಬ್ಬರ್ ಉಂಗುರ ಕೆಟ್ಟಿದ್ದರೆ, ಪ್ರತಿ ಹೊಸ ಫಿಲ್ಟರ್ ಬೇರೆ ಬೇರೆ ಕಡೆ ಸೋರಬೇಕು ಅಥವಾ ಸೋರಲೇಬಾರದು. ಇಲ್ಲಿ ಪ್ರತಿ ಸಲವೂ ಹನಿ ಹುಟ್ಟುತ್ತಿದ್ದದ್ದು ಎಂಜಿನ್‌ನ ಹೊರಬದಿಗೆ ಮುಖ ಮಾಡಿದ ಅಂಚಿನಲ್ಲಿ. ಫಿಲ್ಟರ್ ಬದಲಾದರೂ ಸೋರುವ ಜಾಗ ಬದಲಾಗದಿದ್ದರೆ, ದೋಷ ಫಿಲ್ಟರ್ ಕೂರುವ ಜಾಗದಲ್ಲಿದೆ.

ಆಯಿಲ್ ಹೋಗುವ ದಾರಿ

ಮುಂದಿನದು ಅರ್ಥವಾಗಬೇಕಾದರೆ ಈ ಎಂಜಿನ್‌ನಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂದು ತಿಳಿದಿರಬೇಕು. ಆಯಿಲ್ ಪಂಪ್ ಕೂತಿರುವುದು ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ಮೇಲೆ, ಅಂದರೆ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕನ್ನು ಎಂಜಿನ್‌ನ ಮೈಯಾದ ಬ್ಲಾಕ್‌ಗೆ ಹಿಡಿದಿಡುವ ಹಿಡಿಕೆಯ ಮೇಲೆ. ಪಂಪ್‌ನಿಂದ ಹೊರಟ ಆಯಿಲ್ ಆ ಕ್ಯಾಪ್‌ ಒಳಗಿನಿಂದಲೇ ಬ್ಲಾಕ್‌ಗೆ ಹತ್ತಿ, ಎಡಬದಿಯ ಹಿಂಭಾಗದಲ್ಲಿ ನೆಲದ ಕಡೆಗೆ ಬಾಯಿ ಮಾಡಿರುವ ಫಿಲ್ಟರ್‌ನ ಗೂಡಿಗೆ ಬರುತ್ತದೆ. ಅಲ್ಲಿ ಫಿಲ್ಟರ್‌ನ ಹೊರಸುತ್ತಿಗೆ ಇಳಿದು, ಕಾಗದದ ಮಡಿಕೆಗಳನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ತೂತಿನಿಂದ ಮೇಲಕ್ಕೆ ಮರಳಿ ಬ್ಲಾಕ್‌ನ ಮುಖ್ಯ ಗ್ಯಾಲರಿ, ಅಂದರೆ ಆಯಿಲ್ ಹಂಚುವ ದೊಡ್ಡ ನಾಳ, ಸೇರುತ್ತದೆ. ಬೇರಿಂಗ್‌ಗಳಿಗೆ, ಕ್ಯಾಮ್‌ಶಾಫ್ಟ್‌ಗೆ, ಲಿಫ್ಟರ್‌ಗಳಿಗೆ ಆಯಿಲ್ ಸಿಗುವುದು ಅದಾದ ಮೇಲೆ.

ಹೊರಸುತ್ತಿನ ಕೊಳಕು ಆಯಿಲ್ ಮತ್ತು ನಡುವಿನ ಶೋಧಿಸಿದ ಆಯಿಲ್ ಎರಡನ್ನೂ ಬೇರೆ ಮಾಡುವ ಗೋಡೆಯೇ ಅಡಾಪ್ಟರ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಎರಕದ ತುಂಡು. ಬ್ಲಾಕ್‌ನ ಗೂಡಿನೊಳಗೆ ಎರಡು ಪುಟ್ಟ ಬೋಲ್ಟ್‌ಗಳಿಂದ ಕಚ್ಚಿಕೊಂಡಿರುತ್ತದೆ. ಅದರ ನಡುವೆ ಫಿಲ್ಟರ್ ತಿರುಗಿಸುವ, ದಾರದ (ಸ್ಕ್ರೂವಿನಂಥ ಸುತ್ತುಗಳ) ಕೊಳವೆ. ಬದಿಯಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ತಟ್ಟೆ, ಇದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಮಿಷಿಗನ್‌ನ ಚಳಿಯಲ್ಲಿ ಆಯಿಲ್ ಮಂದವಾಗಿ ಕಾಗದದ ಎರಡು ಬದಿಯ ಒತ್ತಡದ ವ್ಯತ್ಯಾಸ ಸುಮಾರು 11 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಿದರೆ, ಈ ತಟ್ಟೆ ತೆರೆದು ಆಯಿಲ್ ನೇರವಾಗಿ ದಾಟುತ್ತದೆ. ಶೋಧಿಸದ ಆಯಿಲ್ ಸಿಕ್ಕರೂ ಪರವಾಗಿಲ್ಲ, ಬೇರಿಂಗ್‌ಗೆ ಆಯಿಲ್ ಇಲ್ಲದಂತಾಗಬಾರದು ಎಂಬ ಲೆಕ್ಕ ಅದು.

1955ರ ಮೊದಲ ಬ್ಲಾಕ್‌ನಲ್ಲಿ ಫಿಲ್ಟರ್‌ಗೆ ಜಾಗವೇ ಇರಲಿಲ್ಲ. ಮರುವರ್ಷ ಬಂತು. ಆಗ ಇದ್ದದ್ದು ಡಬ್ಬಿಯೊಳಗೆ ಎಲಿಮೆಂಟ್ ಇಟ್ಟು ನಡುವೆ ಉದ್ದ ಬೋಲ್ಟ್ ಹಾಕಿ ಬಿಗಿಯುವ ಬಗೆ. ನಮ್ಮ ಹಳೆ ಅಂಬಾಸಿಡರ್ ನೋಡಿದವರಿಗೆ ಈ ಬಗೆ ಗೊತ್ತಿರುತ್ತದೆ. ತಿರುಗಿಸಿ ಹಾಕುವ ಈಗಿನ ಬಗೆಯ ಫಿಲ್ಟರ್ 1968ರಿಂದ. ಆದ್ದರಿಂದ 1972ರ ಬ್ಲಾಕ್‌ನಲ್ಲಿ ಈ ಅಡಾಪ್ಟರ್ ಇರುವುದು ಕಾರ್ಖಾನೆಯ ವ್ಯವಸ್ಥೆಯೇ, ಯಾರೋ ನಂತರ ಸೇರಿಸಿದ ಮಾರ್ಪಾಡಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಇಡೀ ಪ್ರಕರಣದ ಬೀಗದ ಕೈ ಅಂತ ಅನಿಸುವುದು ಇದೇ. ಫಿಲ್ಟರ್‌ನ ರಬ್ಬರ್ ಉಂಗುರ ಒತ್ತುವುದು ಬ್ಲಾಕ್‌ನ ಮುಖಕ್ಕೆ. ಫಿಲ್ಟರ್‌ನ ದಾರ ಕಚ್ಚುವುದು ಅಡಾಪ್ಟರ್‌ನ ಕೊಳವೆಯನ್ನು. ಅಂದರೆ ಫಿಲ್ಟರ್ ಬಿಗಿ ಮಾಡಿದಷ್ಟೂ ಅಡಾಪ್ಟರ್ ಕೆಳಕ್ಕೆ, ಬ್ಲಾಕ್‌ನಿಂದ ದೂರಕ್ಕೆ ಎಳೆಯಲ್ಪಡುತ್ತದೆ. ಅದನ್ನು ಮೇಲಕ್ಕೆ ಹಿಡಿದಿಡಬೇಕಾದವು ಆ ಎರಡು ಬೋಲ್ಟ್‌ಗಳು ಮಾತ್ರ. ಬೋಲ್ಟ್ ಸಡಿಲವಾಗಿದ್ದರೆ ಭಾವ ರೆಂಚ್ ಹಾಕಿ ಬಿಗಿದಷ್ಟೂ ಅಡಾಪ್ಟರ್ ತನ್ನ ಪೀಠ ಬಿಟ್ಟು ಕೆಳಗೆ ಬರುತ್ತದೆ. ಸೋರಿಕೆ ನಿಲ್ಲಿಸಲೆಂದು ಮಾಡಿದ ಕೆಲಸ ಒಳಗಿನ ಸಂದನ್ನು ದೊಡ್ಡದು ಮಾಡುತ್ತಾ ಹೋಗುತ್ತದೆ.

ಬಿಚ್ಚುವ ಮೊದಲು ಕಂಡದ್ದು

ಆಯಿಲ್ ಪ್ರೆಷರ್ ಗೇಜ್‌ನಲ್ಲಿ ದೋಷ ಹುಡುಕಲು ಏನೂ ಇರಲಿಲ್ಲ. ತಣ್ಣಗಿದ್ದಾಗ 55 ಪಿಎಸ್‌ಐ, ಕಾದ ಮೇಲೆ ಐಡಲ್‌ನಲ್ಲಿ 20ರ ಮೇಲೆ, 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 40. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕು ಎಂದು ಈ ಎಂಜಿನ್ ಕಟ್ಟುವವರು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಇದು ಆರೋಗ್ಯವಂತ ಎಂಜಿನ್. ಭಾವನ ಧೈರ್ಯಕ್ಕೆ ಆ ಗೇಜೇ ಕಾರಣ. ಆದರೆ ಗೇಜ್ ತೋರಿಸುವುದು ಗ್ಯಾಲರಿಯಲ್ಲಿ ಎಷ್ಟು ಒತ್ತಡ ಇದೆ ಎಂದಷ್ಟೇ. ಆ ಆಯಿಲ್ ಕಾಗದ ದಾಟಿ ಬಂತೋ, ಪಕ್ಕದ ಸಂದಿನಿಂದ ನುಸುಳಿ ಬಂತೋ ಅನ್ನುವುದು ಅದಕ್ಕೆ ತಿಳಿಯದು. ಅಡ್ಡದಾರಿಯಲ್ಲಿ ತಡೆ ಕಡಿಮೆ ಇರುವುದರಿಂದ ಒತ್ತಡ ಬೇಕಾದರೆ ಕೂದಲೆಳೆಯಷ್ಟು ಹೆಚ್ಚೇ ಕಾಣಿಸೀತು.

ಆಯಿಲ್ ಇಳಿಸಿದೆವು. ಡ್ರೈನ್ ಪ್ಲಗ್‌ನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕಬ್ಬಿಣದ ಹುಡಿ ದಪ್ಪಗೆ ಹತ್ತಿತ್ತು. ಹೊಸದಾಗಿ ಕಟ್ಟಿದ ಎಂಜಿನ್‌ನಲ್ಲಿ ಇದು ಸ್ವಲ್ಪ ಇರುವುದೇ. ನನಗೆ ಅನುಮಾನ ತಂದದ್ದು ಫಿಲ್ಟರ್. ಫಿಲ್ಟರ್ ಕಟರ್‌ನಿಂದ ಅದರ ತಲೆ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಳಿ ಕಾಗದದ ಮೇಲೆ ಹರಡಿದೆವು. ಕಾಗದ ಆಯಿಲ್‌ ಬಣ್ಣಕ್ಕೆ ತಿರುಗಿತ್ತು ಅಷ್ಟೇ. ಲೋಹದ ಮಿನುಗು ಹೆಚ್ಚುಕಡಿಮೆ ಇರಲೇ ಇಲ್ಲ. ಎಂಜಿನ್‌ನ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಅಷ್ಟು ಹುಡಿ, ಫಿಲ್ಟರ್‌ನಲ್ಲಿ ಇಷ್ಟು ಚೊಕ್ಕಟ. ಎರಡೂ ಒಟ್ಟಿಗೆ ಇರಲಾರವು. ಚೊಕ್ಕಟವಾದ ಫಿಲ್ಟರ್ ನೋಡಿ ಖುಷಿಪಡುವವರೇ ಹೆಚ್ಚು. ಆಯಿಲ್ ಅದರ ಮೂಲಕ ಹೋಗಿದೆ ಎಂದು ಗೊತ್ತಾಗುವವರೆಗೆ ಆ ಖುಷಿಗೆ ಆಧಾರವಿಲ್ಲ.

ಈ ಎಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ತಪ್ಪಿಸಿಕೊಂಡು ಹೋಗಲು ಕೆಲವು ದಾರಿಗಳಿವೆ. ಎಲ್ಲಕ್ಕಿಂತ ಹೆದರಿಸುವಂಥದ್ದು ಹಿಂದಿನ ಮೇನ್ ಕ್ಯಾಪ್ ಅಡಿಯ ಪ್ಲಗ್. ಬ್ಲಾಕ್‌ನಲ್ಲಿ ಆ ಕ್ಯಾಪ್‌ನ ನೇರಕ್ಕೆ ಒಂದು ಸಣ್ಣ ಪ್ಲಗ್ ಒತ್ತಿ ಕೂರಿಸಿರುತ್ತಾರೆ. ಪಂಪ್‌ನ ಆಯಿಲ್ ನೇರ ಮೇಲೆ ಹೋಗದೆ ಫಿಲ್ಟರ್ ಕಡೆ ತಿರುಗುವುದು ಅದರಿಂದ. ಎಂಜಿನ್ ಕಟ್ಟುವಾಗ ಬ್ಲಾಕ್ ತೊಳೆಯಲೆಂದು ಅದನ್ನು ತೆಗೆದು, ಮತ್ತೆ ಹಾಕಲು ಮರೆಯುವುದು ಉಂಟು. ಹಾಗಾಗಿದ್ದರೆ ಸಂಪ್ ಇಳಿಸಿ, ಕ್ಯಾಪ್ ಬಿಚ್ಚಬೇಕಾಗುತ್ತಿತ್ತು. ಆಗ ಭಾವ ಆ ರಟ್ಟಿನ ಪೆಟ್ಟಿಗೆ ತಂದರು. ಹಿಂದಿನ ಮಾಲೀಕರ ಫೋಟೋಗಳಲ್ಲಿ ಒಂದರಲ್ಲಿ, ಕ್ರ್ಯಾಂಕ್ ಕೂರಿಸುವ ಮೊದಲು ತಲೆಕೆಳಗಾಗಿ ನಿಲ್ಲಿಸಿದ ಬ್ಲಾಕ್‌ನಲ್ಲಿ, ಆ ಪ್ಲಗ್ ಸ್ಪಷ್ಟವಾಗಿ ಕಾಣುತ್ತಿತ್ತು. ಇಡೀ ದಿನದ ಕೆಲಸ ಒಂದು ಫೋಟೋದಿಂದ ಉಳಿಯಿತು. ಎಂಜಿನ್ ಬಿಚ್ಚುವವರು ಪ್ರತಿ ಹಂತದಲ್ಲೂ ಫೋಟೋ ತೆಗೆದಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇಂಥದ್ದಕ್ಕೇ.

ಎರಡನೆಯ ದಾರಿ ಬೈಪಾಸ್ ತಟ್ಟೆ ಸೀಳಿರುವುದು, ಅಥವಾ ಕಸ ಸಿಕ್ಕಿ ಅರೆತೆರೆದು ನಿಂತಿರುವುದು. ಇದು ಸಾಧ್ಯವಿತ್ತು. ಆದರೆ ತಟ್ಟೆ ಸೀಳಿದರೆ ಹೊರಗೆ ಹನಿ ಬೀಳುವುದಿಲ್ಲ. ಹೊರಗಿನ ಸೋರಿಕೆಯನ್ನೂ ಒಳಗಿನ ಅಡ್ಡದಾರಿಯನ್ನೂ ಒಟ್ಟಿಗೆ ವಿವರಿಸುವುದು ಒಂದೇ: ಅಡಾಪ್ಟರ್ ತಾನೇ ಅಲುಗಾಡುತ್ತಿದೆ.

ಕೈಗೆ ಸಿಕ್ಕ ಆಟ

ಪಿಕಪ್ ಜ್ಯಾಕ್ ಸ್ಟ್ಯಾಂಡ್‌ಗಳ ಮೇಲಿತ್ತು. ಬೆನ್ನಮೇಲೆ ಮಲಗಿ, ಗೂಡನ್ನು ಒರೆಸಿ, ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಆಟ ಇತ್ತು, ಅಂದರೆ ಸಡಿಲವಾಗಿ ಅಲುಗುತ್ತಿತ್ತು. ಜೋರಾಗಿ ಕಾಣುವಷ್ಟಲ್ಲ, ಹೊರಬದಿಯಲ್ಲಿ ಸಣ್ಣಗೆ ಟಕ್ ಎನ್ನುವಷ್ಟು. ಒಳಬದಿ ಅಷ್ಟಾಗಿ ಅಲುಗುತ್ತಿರಲಿಲ್ಲ. ಭಾವನಿಗೂ ಮುಟ್ಟಿಸಿದೆ.

"ಬೋಲ್ಟ್ ಲೂಸ್ ಆಗಿದೆ ಅಷ್ಟೇ ತಾನೆ? ಟೈಟ್ ಮಾಡು" ಅಂದರು.

ಮಾಡಿ ನೋಡಿದೆವು. ಹೊರಬದಿಯ ಬೋಲ್ಟ್‌ಗೆ ಇಂಚು-ಪೌಂಡ್ ಲೆಕ್ಕದ ಚಿಕ್ಕ ಟಾರ್ಕ್ ರೆಂಚ್ ಹಾಕಿದೆ. ಕಾರ್ಖಾನೆಯ ಕೈಪಿಡಿ ಹೇಳುವುದು 80 ಇಂಚು-ಪೌಂಡ್, ಅಂದರೆ ಸುಮಾರು 9 ನ್ಯೂಟನ್-ಮೀಟರ್. ಬೋಲ್ಟ್ ಒಂದಿಷ್ಟೂ ತಿರುಗದೆ ರೆಂಚ್ ಕ್ಲಿಕ್ ಅಂದಿತು. ರೆಂಚ್ ಪ್ರಕಾರ ಅದು ಬಿಗಿಯಾಗಿಯೇ ಇತ್ತು. ಆದರೂ ಅಡಾಪ್ಟರ್ ಅದೇ ಬದಿಯಲ್ಲಿ ಅಲುಗುತ್ತಿತ್ತು! ಒಳಬದಿಯ ಬೋಲ್ಟ್ ಮಾತ್ರ ಸ್ವಲ್ಪ ತಿರುಗಿ ಆಮೇಲೆ ಕ್ಲಿಕ್ ಅಂದಿತು.

ಬೋಲ್ಟ್ ಬಿಗಿ, ಅದು ಹಿಡಿದಿರಬೇಕಾದ ವಸ್ತು ಸಡಿಲ. ಹೀಗಾಗಲು ಬಹುಪಾಲು ಒಂದೇ ಕಾರಣ. ಬೋಲ್ಟ್‌ನ ತುದಿ ತೂತಿನ ತಳಕ್ಕೆ ಹೋಗಿ ತಗುಲಿದೆ. ತಲೆ ಅಡಾಪ್ಟರ್ ಅನ್ನು ಒತ್ತುವ ಮೊದಲೇ ದಾರದ ಆಳ ಮುಗಿದಿದೆ. ಟಾರ್ಕ್ ರೆಂಚ್ ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು. ಆ ಬಲ ಅಡಾಪ್ಟರ್ ಒತ್ತಲು ಹೋಯಿತೋ ತೂತಿನ ತಳ ಒತ್ತಲು ಹೋಯಿತೋ ಎಂದು ಅದು ಹೇಳಲಾರದು. ಬೋಲ್ಟ್ ತಲೆಯಡಿಯ ಸ್ಪ್ರಿಂಗ್ ವಾಷರ್ ಅರ್ಧ ಅಮುಕಿಕೊಂಡು ಆ ಖಾಲಿ ಜಾಗವನ್ನು ತುಂಬಿ ನಿಂತಿತ್ತು. ಹಾಗಾಗಿ ಕಣ್ಣಿಗೂ ಎಲ್ಲ ಸರಿಯಾಗಿ ಕೂತಂತೆ ಕಾಣುತ್ತಿತ್ತು.

ಎರಡೂ ಬೋಲ್ಟ್ ತೆಗೆದು ಪಕ್ಕಪಕ್ಕ ಇಟ್ಟೆವು. ಒಳಬದಿಯದಕ್ಕಿಂತ ಹೊರಬದಿಯದು ಉದ್ದ. ಅದರ ತಲೆಯ ಮೇಲಿನ ಗುರುತೂ ಬೇರೆ. ತುದಿಯಲ್ಲಿ ತಳಕ್ಕೆ ಒತ್ತಿ ಹೊಳಪಾದ ಒಂದು ಚುಕ್ಕೆ. ಎಂಜಿನ್ ಕಟ್ಟುವಾಗ ಒಂದು ಬೋಲ್ಟ್ ಕಳೆದುಹೋಗಿ, ಅದೇ ದಾರದ ಇನ್ನೊಂದನ್ನು ತಟ್ಟೆಯಿಂದ ಎತ್ತಿ ಹಾಕಿರಬೇಕು ಎಂಬುದು ನನ್ನ ಊಹೆ. ದಾರ ಹೊಂದಿತು, ರೆಂಚ್ ಕ್ಲಿಕ್ ಅಂದಿತು, ಕೆಲಸ ಮುಂದೆ ಹೋಯಿತು.

ಊಹೆ ಸಾಕಾಗುವುದಿಲ್ಲ, ಅಳೆದೆವು. ತೂತು ಒರೆಸಿ, ವರ್ನಿಯರ್‌ನ ಹಿಂದಿನ ಕಡ್ಡಿ ಇಳಿಸಿದಾಗ ಆಳ 15.2 ಮಿಮೀ. ಅಡಾಪ್ಟರ್‌ನ ಕಿವಿಯ, ಅಂದರೆ ಬೋಲ್ಟ್ ಹಾಯುವ ಚಾಚುಭಾಗದ, ದಪ್ಪ 8 ಮಿಮೀ. ವಾಷರ್ ಪೂರ್ತಿ ಚಪ್ಪಟೆಯಾದಾಗ 1.6. ಎರಡೂ ಸೇರಿ 9.6. ಉದ್ದದ ಬೋಲ್ಟ್ ತಲೆಯ ಕೆಳಗೆ ಒಂದು ಇಂಚು, 25.4 ಮಿಮೀ. ಅದರಲ್ಲಿ 9.6 ಕಳೆದರೆ ಬ್ಲಾಕ್‌ನೊಳಗೆ ಹೋಗಬೇಕಾದದ್ದು 15.8. ಜಾಗ ಇರುವುದು 15.2. ಉಳಿದ 0.6 ಮಿಮೀ ಅಡಾಪ್ಟರ್‌ನ ಆಟವಾಗಿತ್ತು.

0.6 ಮಿಮೀ ಎಂದರೆ ಏನು ಮಹಾ ಎನಿಸಬಹುದು. ಎರಡು ಕಡೆಯಿಂದ ನೋಡಿ. ಫಿಲ್ಟರ್‌ನ ದಾರ ಇಂಚಿಗೆ 16 ಸುತ್ತು, ಒಂದು ಸುತ್ತಿಗೆ 1.6 ಮಿಮೀ ಮೇಲೇರುತ್ತದೆ. ರಬ್ಬರ್ ಬ್ಲಾಕ್‌ಗೆ ತಾಗಿದ ಮೇಲೆ ಮುಕ್ಕಾಲು ಸುತ್ತು ಕೊಡಿ ಎನ್ನುತ್ತಾರೆ, ಅಂದರೆ ರಬ್ಬರ್ ಅಮುಕುವುದು 1.2 ಮಿಮೀ. ಅಡಾಪ್ಟರ್ ಒಂದು ಬದಿಯಲ್ಲಿ 0.6 ಜಾರಿದರೆ ಆ ಬದಿಯಲ್ಲಿ ಅಮುಕುವಿಕೆ ಅರ್ಧಕ್ಕೆ ಇಳಿಯಿತು, ಫಿಲ್ಟರ್ ಓರೆಯಾಗಿ ಕೂತಿತು. ಹನಿ ಯಾವಾಗಲೂ ಹೊರಬದಿಯಲ್ಲೇ ಹುಟ್ಟಿದ್ದು ಇದಕ್ಕೆ. ಇನ್ನು ಒಳಗೆ, ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಆಯಿಲ್ ಪದರಕ್ಕೆ ಇರುವ ಸಂದು ಸುಮಾರು 0.05 ಮಿಮೀ. ಅದರ ಹನ್ನೆರಡರಷ್ಟು ಅಗಲದ ಬಾಗಿಲು ಫಿಲ್ಟರ್ ಪಕ್ಕದಲ್ಲೇ ತೆರೆದಿತ್ತು. ಎಲ್ಲ ಆಯಿಲ್ ಅಲ್ಲಿಂದಲೇ ಹೋಗುತ್ತಿತ್ತು ಎಂದು ನಾನು ಹೇಳಲಾರೆ. ಕಾದ ಆಯಿಲ್ ಕಾಗದವನ್ನೂ ಸಲೀಸಾಗಿ ದಾಟುತ್ತದೆ. ತಣ್ಣಗಿರುವಾಗ, ಕಾಗದ ಹೆಚ್ಚು ತಡೆಯೊಡ್ಡುವಾಗ, ದೊಡ್ಡ ಪಾಲು ಅಡ್ಡದಾರಿ ಹಿಡಿದಿರಬೇಕು.

ಅಡಾಪ್ಟರ್ ಕೈಗೆ ಬಂದಾಗ ಸಾಕ್ಷಿ ಪೂರ್ತಿಯಾಯಿತು. ಬ್ಲಾಕ್‌ನ ಪೀಠದ ಮೇಲೆ ಹೊರಬದಿಯಲ್ಲಿ ಅರ್ಧಚಂದ್ರಾಕಾರದ ಹೊಳಪು, ಲೋಹ ಲೋಹಕ್ಕೆ ಉಜ್ಜಿದ ಗುರುತು. ಎಂಜಿನ್ ನಡುಗಿದಾಗಲೆಲ್ಲ ಅಡಾಪ್ಟರ್ ಅಲ್ಲಿ ಎದ್ದು ಕೂತು ಮಾಡಿತ್ತು. ಈ ಅಲುಗಾಟದಿಂದಲೇ ಒಳಬದಿಯ ಸರಿಯಾದ ಬೋಲ್ಟ್ ಕೂಡ ಮೆಲ್ಲಗೆ ಹಿಡಿತ ಕಳೆದುಕೊಂಡಿತ್ತು.

ಭದ್ರಪಡಿಸಿದ ಬಗೆ

ಈ ಹಂತದಲ್ಲಿ ಆತುರ ಬೇಡ. ಇಲ್ಲಿ ಮಾಡುವ ಒಂದು ಸಣ್ಣ ಅಡ್ಡಾದಿಡ್ಡಿ ಕೆಲಸ ನೇರವಾಗಿ ಮೇನ್ ಬೇರಿಂಗ್‌ಗೆ ಹೋಗಿ ಸೇರುತ್ತದೆ.

ಅಡಾಪ್ಟರ್ ಕೆಳಗೆ ಸಿಲಿಕೋನ್ ಸೀಲೆಂಟ್ ಬಳಿದು ಕೂರಿಸಿ ಎಂದು ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ನಾನು ಕೈಮುಗಿದು ಬೇಡ ಅನ್ನುತ್ತೇನೆ. ಒತ್ತಿದಾಗ ಉಬ್ಬಿ ಬರುವ ಸಿಲಿಕೋನ್‌ನಲ್ಲಿ ಅರ್ಧ ಶೋಧಿಸಿದ ಆಯಿಲ್‌ನ ಬದಿಗೆ ಬರುತ್ತದೆ. ಅಲ್ಲಿ ಕಿತ್ತು ಹೋದ ತುಣುಕನ್ನು ತಡೆಯಲು ಮುಂದೆ ಯಾವ ಫಿಲ್ಟರೂ ಇಲ್ಲ. ಜೊತೆಗೆ ಬೋಲ್ಟ್‌ನ ಕೆಳಗೆ ಮೆತ್ತನೆಯ ಪದರ ಇದ್ದರೆ ಬಿಸಿಗೆ ಅದು ಕುಗ್ಗಿ ಬಿಗಿತ ತಾನೇ ಕಡಿಮೆಯಾಗುತ್ತದೆ. ಇನ್ನೊಂದು ವಾಷರ್ ಸೇರಿಸಿ ಆಟ ಮುಚ್ಚುವುದೂ ಹೊಳೆಯುವ ಉಪಾಯವೇ. ಲೆಕ್ಕದಲ್ಲಿ ಅದು ಸರಿ ಕೂಡ. ಆದರೆ ತಪ್ಪು ಬೋಲ್ಟ್ ಉಳಿಸಿಕೊಂಡು ಅದರ ಸುತ್ತ ಸರಿಪಡಿಸುವುದು ನನಗೆ ಒಪ್ಪಿಗೆ ಇಲ್ಲ. ಮುಂದೆ ಯಾರೋ ಬಿಚ್ಚಿ ಆ ವಾಷರ್ ಮರೆತರೆ ಮತ್ತೆ ಇದೇ ಕಥೆ.

ಮೊದಲು ನಡುವಿನ ತೂತಿಗೆ, ಅಂದರೆ ಗ್ಯಾಲರಿಗೆ ಹೋಗುವ ದಾರಿಗೆ, ನೂಲು ಬಿಡದ ಬಟ್ಟೆಯ ಉಂಡೆಯನ್ನು ತುರುಕಿದೆವು. ಅದಕ್ಕೆ ಉದ್ದನೆಯ ದಾರ ಕಟ್ಟಿ ಹೊರಗೆ ನೇತುಬಿಟ್ಟೆವು, ತೆಗೆಯಲು ಮರೆಯದಂತೆ. ಪೀಠದ ಮೇಲೆ ಅಂಟಿದ್ದ ಹಳೆ ಕೊಳೆಯನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆದು, ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿದೆವು. ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಂಥ ಏಣು ಇರಲಿಲ್ಲ. ಇದ್ದಿದ್ದರೆ ಕೆಲಸ ಬೇರೆಯೇ ಆಗುತ್ತಿತ್ತು. ಬೋಲ್ಟ್ ತೂತುಗಳ ದಾರಕ್ಕೆ, ಲೋಹ ಕತ್ತರಿಸದೆ ಕೊಳೆ ಮಾತ್ರ ತೆಗೆಯುವ ಥ್ರೆಡ್ ಚೇಸರ್ ಅನ್ನು ಗ್ರೀಸ್ ಹಚ್ಚಿ ಕೈಯಲ್ಲಿ ತಿರುಗಿಸಿದೆವು. ಎರಕದ ಕಬ್ಬಿಣದ ದಾರ ಗಟ್ಟಿಯಾಗಿತ್ತು. ತಳದಲ್ಲಿ ನಿಂತ ಆಯಿಲ್ ಹೀರಿ ತೆಗೆಯುವುದು ಮುಖ್ಯ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ಸಿಕ್ಕಿಹಾಕಿಕೊಂಡರೆ ಸರಿಯಾದ ಉದ್ದದ ಬೋಲ್ಟ್ ಕೂಡ ಅದನ್ನೇ ಒತ್ತಿ ಸುಳ್ಳು ಬಿಗಿತ ತೋರಿಸುತ್ತದೆ.

ಹಳೆ ಅಡಾಪ್ಟರ್ ಅನ್ನು ದಪ್ಪ ಗಾಜಿನ ಮೇಲೆ ಇಟ್ಟು ನೋಡಿದೆವು. ಹೊರಬದಿಯ ಕಿವಿ ಸ್ವಲ್ಪ ಬಾಗಿತ್ತು, ಸ್ಪ್ರಿಂಗ್ ವಾಷರ್‌ನ ತುದಿ ಅದನ್ನು ಕಚ್ಚಿ ಗುಳಿ ಮಾಡಿತ್ತು. ನೇರ ಮಾಡಿ ಹಾಕಬಹುದಿತ್ತು. ಎರಕದ ತುಂಡು ಒಮ್ಮೆ ಬಾಗಿದ್ದರೆ ನಾನು ನಂಬುವುದಿಲ್ಲ, ಹೊಸದು ಅಗ್ಗವೂ ಹೌದು. ಹೊಸದನ್ನು ಆರಿಸುವಾಗ ಬೈಪಾಸ್ ಒತ್ತಡ ನೋಡಿ ಕೊಂಡೆವು. ರೇಸ್ ಎಂಜಿನ್‌ಗಳಿಗೆಂದು 30 ಪಿಎಸ್‌ಐಗೆ ತೆರೆಯುವ ಅಡಾಪ್ಟರ್‌ಗಳು ಸಿಗುತ್ತವೆ, ಬೈಪಾಸ್ ಪೂರ್ತಿ ಮುಚ್ಚಿದವೂ ಇವೆ. ಚಳಿ ಊರಿನ, ದಿನಬಳಕೆಯ ಗಾಡಿಗೆ ಕಾರ್ಖಾನೆಯ 11 ಪಿಎಸ್‌ಐ ಬಗೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ತಟ್ಟೆಯನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಚಟ್ಟನೆ ಮರಳಿ ಕೂರುತ್ತದೆಯೇ ಎಂದು ಹಾಕುವ ಮೊದಲು ಪರೀಕ್ಷಿಸಿದೆವು.

ಬೋಲ್ಟ್‌ಗಳನ್ನು ಎರಡೂ ಬದಿಗೆ ಹೊಸದಾಗಿ, ಒಂದೇ ಉದ್ದದ್ದು ತಂದೆವು: ಮುಕ್ಕಾಲಿಗಿಂತ ಒಂದು ಮೆಟ್ಟಿಲು ಹೆಚ್ಚಿನ 7/8 ಇಂಚು, 22.2 ಮಿಮೀ. ಹೊಸ ಅಡಾಪ್ಟರ್‌ನ ಕಿವಿಯನ್ನೂ ಅಳೆದು ಖಚಿತಪಡಿಸಿಕೊಂಡ ಮೇಲೆ, ಬ್ಲಾಕ್‌ನೊಳಗೆ 12.6 ಮಿಮೀ ಹಿಡಿತ, ತಳದಲ್ಲಿ 2.6 ಮಿಮೀ ಖಾಲಿ. ಆಮೇಲೆ ಬಟ್ಟೆಯ ಉಂಡೆ ಹೊರಗೆ ತೆಗೆದು, ಸೀಲೆಂಟ್ ಇಲ್ಲದೆ, ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ದಾರಕ್ಕೆ ಹಾಕುವ ಅಂಟು) ಇಲ್ಲದೆ, ಎರಡೂ ಬೋಲ್ಟ್ ಬರಿಗೈಯಲ್ಲಿ ತಿರುಗಿಸಿ ಒಮ್ಮೆ ಕೂರಿಸಿ ನೋಡಿದೆವು. ತಲೆ ವಾಷರ್‌ಗೆ, ವಾಷರ್ ಕಿವಿಗೆ ತಾಗುವವರೆಗೆ ಎಲ್ಲೂ ತಡೆ ಇಲ್ಲದೆ ಹೋಗಬೇಕು. ಹೋಯಿತು. ಅಂಚಿನ ಸುತ್ತ 0.05 ಮಿಮೀ ದಪ್ಪದ ಫೀಲರ್ ಎಲೆ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ನುಗ್ಗಲಿಲ್ಲ. ಈ ಒಣ ಪರೀಕ್ಷೆಗೆ ಎರಡು ನಿಮಿಷ ಸಾಕು. ಎಂಜಿನ್ ಕಟ್ಟಿದ ದಿನ ಯಾರಾದರೂ ಅದನ್ನು ಮಾಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮತ್ತೆ ಬಿಚ್ಚಿ, ದಾರಗಳ ಜಿಡ್ಡು ಪೂರ್ತಿ ತೆಗೆದು, ಬೋಲ್ಟ್‌ನ ನಡುಭಾಗದ ದಾರಕ್ಕೆ ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್‌ಲಾಕ್ ಒಂದೊಂದು ಹನಿ ಹಾಕಿದೆವು. ಕೆಂಪು ಬೇಡ. ಅದನ್ನು ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಈ ಜಾಗದಲ್ಲಿ ಬೆಂಕಿಯ ಜ್ವಾಲೆ ಬಳಸುವ ಮಾತೇ ಇಲ್ಲ. ಎರಡೂ ಬೋಲ್ಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ 80 ಇಂಚು-ಪೌಂಡ್‌ಗೆ ತಂದೆವು. ಭಾವನಿಗೆ ಅದು ತೀರಾ ಕಡಿಮೆ ಎನಿಸಿತು.

"ಇಷ್ಟು ಮೆಲ್ಲಗೆ ಬಿಗಿದ್ರೆ ಮತ್ತೆ ಬಿಚ್ಕೊಳಲ್ವೇನೋ?"

"ಬೋಲ್ಟ್ ನಿಜವಾಗಿ ಅಡಾಪ್ಟರನ್ನೇ ಒತ್ತುತ್ತಿದ್ರೆ ಇಷ್ಟೇ ಸಾಕು ಭಾವ. ಜಾಸ್ತಿ ಮಾಡಿದ್ರೆ ಕಿವಿ ಬಾಗುತ್ತೆ."

ಥ್ರೆಡ್‌ಲಾಕ್ ಪೂರ್ತಿ ಗಟ್ಟಿಯಾಗಲು ಮರುದಿನದವರೆಗೆ ಬಿಟ್ಟೆವು. ಬೆಳಿಗ್ಗೆ ಕೊಳವೆ ಹಿಡಿದು ಅಲ್ಲಾಡಿಸಿದರೆ ಬ್ಲಾಕ್‌ನದೇ ಭಾಗವೇನೋ ಎಂಬಂತೆ ನಿಂತಿತ್ತು. ಈ ಎಂಜಿನ್‌ನಲ್ಲಿ ಫಿಲ್ಟರ್ ಬಾಯಿ ಮೇಲಾಗಿ ನೇರ ತೂಗುವುದರಿಂದ ಅದರಲ್ಲಿ ಹೊಸ ಆಯಿಲ್ ತುಂಬಿಸಿಯೇ ಹಾಕಬಹುದು. ಉಂಗುರಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು, ಬರಿಗೈಯಲ್ಲಿ. ಸಂಪ್‌ ಮತ್ತು ಫಿಲ್ಟರ್ ಸೇರಿ 5 ಕ್ವಾರ್ಟ್, ಸುಮಾರು 4.7 ಲೀಟರ್. ಇಗ್ನಿಷನ್ ಕಾಯಿಲ್‌ನ ತಂತಿ ತೆಗೆದು, ಗೇಜ್‌ನ ಮುಳ್ಳು ಏಳುವವರೆಗೆ ಸ್ಟಾರ್ಟರ್ ತಿರುಗಿಸಿ, ಆಮೇಲೆ ಎಂಜಿನ್ ಶುರು ಮಾಡಿದೆವು.

ಆಮೇಲೆ

ಗೇಜ್ ಮೊದಲು ಹೇಳುತ್ತಿದ್ದದ್ದನ್ನೇ ಹೇಳಿತು, ಅದರಿಂದ ಏನೂ ಗೊತ್ತಾಗಲಿಲ್ಲ. ಅಂಚು ಒಣಗಿತ್ತು. ಸುಮಾರು 300 ಮೈಲಿ ಓಡಿಸಿ, ಸೋರಿಕೆಯೇ ಇಲ್ಲದಿದ್ದರೂ, ಬೇಕೆಂದೇ ಫಿಲ್ಟರ್ ತೆಗೆದು ಕತ್ತರಿಸಿದೆವು. ಈ ಸಲ ಮಡಿಕೆಗಳ ಆಳದಲ್ಲಿ ನುಣ್ಣನೆಯ ಲೋಹದ ಹುಡಿ, ಸೀಲೆಂಟ್‌ನ ಒಂದೆರಡು ಎಳೆ, ಎಂಜಿನ್ ಕಟ್ಟಿದಾಗ ಉಳಿದಿರಬಹುದಾದ ಕಪ್ಪು ಚೂರುಗಳು. ಮೊದಲ 3,000 ಮೈಲಿಯಲ್ಲಿ ಹಿಡಿಯಬೇಕಿದ್ದದ್ದನ್ನು ಫಿಲ್ಟರ್ ಈಗ ಹಿಡಿಯುತ್ತಿತ್ತು. ಮುಂದಿನ ಫಿಲ್ಟರ್‌ನಲ್ಲಿ ಅದು ತುಂಬಾ ಕಡಿಮೆಯಾಗಿತ್ತು.

ಆ 3,000 ಮೈಲಿಯಲ್ಲಿ ಬೇರಿಂಗ್‌ಗಳಿಗೆ ಏನಾಗಿದೆ ಎಂಬ ಪ್ರಶ್ನೆ ಉಳಿದಿದೆ. ಸಂಪ್ ಇಳಿಸಿ ನೋಡೋಣ ಎಂದು ಭಾವ ತಕ್ಷಣ ಹೊರಟಿದ್ದರು. ನಾನು ತಡೆದೆ. ಕಾದಾಗ ಒತ್ತಡ ಇಳಿದಿಲ್ಲ, ತಳದಿಂದ ಬಡಿತದ ಸದ್ದು ಇಲ್ಲ, ಫಿಲ್ಟರ್‌ನಲ್ಲಿ ಬೇರಿಂಗ್ ಲೋಹದ ತೆಳು ಪದರಗಳು ಸಿಕ್ಕಿಲ್ಲ. ಚೆನ್ನಾಗಿ ಕೂತಿರುವ ಬೇರಿಂಗ್ ಕ್ಯಾಪ್‌ಗಳನ್ನು ಅನುಮಾನಕ್ಕಾಗಿ ಮಾತ್ರ ಬಿಚ್ಚುವುದರಲ್ಲೂ ಅಪಾಯವಿದೆ. ಪ್ರತಿ ಆಯಿಲ್ ಬದಲಾವಣೆಯಲ್ಲಿ ಸ್ವಲ್ಪ ಆಯಿಲ್ ಅನ್ನು ಲ್ಯಾಬ್‌ಗೆ ಕಳಿಸಿ ಸೀಸ, ತಾಮ್ರ, ಕಬ್ಬಿಣದ ಅಂಶ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದು ಎಂದು ತೀರ್ಮಾನವಾಗಿದೆ. ಏರಿದರೆ ಚಳಿಗಾಲದಲ್ಲಿ, ಗಾಡಿ ಹೇಗೂ ರಸ್ತೆಯ ಉಪ್ಪಿಗೆ ಹೆದರಿ ಒಳಗೆ ನಿಲ್ಲುವಾಗ, ಸಂಪ್ ಇಳಿಸಿ ಹಿಂದಿನ ಎರಡು ಮೇನ್ ಬೇರಿಂಗ್ ನೋಡುತ್ತೇವೆ.

ಊರಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಈ ಶೆವ್ರೊಲೆ ಎಂಜಿನ್ ಸಿಗುವುದು ಅಪರೂಪ. ಆದರೂ ಫಿಲ್ಟರ್‌ನ ತಲೆಯನ್ನು ಬೋಲ್ಟ್‌ ಹಾಕಿ ಬ್ಲಾಕ್‌ಗೆ ಹಿಡಿಸಿರುವ ಯಾವ ಎಂಜಿನ್ ಆದರೂ ಪರೀಕ್ಷೆ ಇದೇ. ಫಿಲ್ಟರ್ ತೆಗೆದಾಗಲೆಲ್ಲ ಆ ತಲೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿ. ಆಟ ಸಿಕ್ಕರೆ ರೆಂಚ್ ಹಾಕುವ ಮೊದಲು ಬೋಲ್ಟ್ ತೆಗೆದು, ತೂತಿನ ಆಳದ ಜೊತೆ ಅದರ ಉದ್ದ ಹೋಲಿಸಿ. ಭಾವ ಈಗ ಫಿಲ್ಟರ್ ಬದಲಾಯಿಸುವಾಗ ಪ್ರತಿ ಸಲ ಇದನ್ನೇ ಮಾಡುತ್ತಾರೆ. ಆ ಪಟ್ಟಿ ರೆಂಚನ್ನು ಬಿಚ್ಚಲು ಮಾತ್ರ ಬಳಸುತ್ತಾರೆ.